ಕೊಟ್ರಮ್ಮನ ಎಡಗೈ

ಮೊಣಕೈವರೆಗೂ ಹತ್ತಿಯೊಳಗೆ ತೋಳಿಳಿಸಿ ನಿಂತಿದ್ದ ಸಿದ್ದಬಸಪ್ಪನಿಗೆ ತನ್ನ ಬೆರಳುಗಳು ಇವತ್ತು ಏನನ್ನೂ ಹೇಳುತ್ತಿಲ್ಲ ಎಂದು ಅರಿವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ತೆಲುಗು ಸೀಮೆಯ ಆದವಾನಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೆಂಟು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ. ರೈತರು ಹತ್ತಿ ತುಂಬಿ ತಂದಿಳಿಸಿದ ಅಂಡಿಗೆ ಚೀಲಗಳ ಹೊಟ್ಟೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ಹತ್ತಿ ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಂಜಿ, ಎಳೆ ಎಷ್ಟುದ್ದ, ತೇವ ಎಷ್ಟು, ಕಸ ಎಷ್ಟು ಎಂದು ಜಿನ್ನಿಂಗ್ ಮಿಲ್ಲಿನವರ ಪರವಾಗಿ ಎಲ್ಲರಿಗೂ ಕೇಳುವಂತೆ ಕೂಗುವುದು. ತೇವ ಅಳೆಯುವ ಯಂತ್ರ ಯಾರ್ಡಿಗೆ ಬಂದು ಎಷ್ಟೋ ವರ್ಷವಾಗಿದ್ದರೂ, ಯಂತ್ರ ಒಂದು ಹೇಳಿ ಸಿದ್ದಬಸಪ್ಪ ಇನ್ನೊಂದು ಹೇಳಿದರೆ ಜನ ಯಂತ್ರವನ್ನು ತಟ್ಟಿ ನೋಡುತ್ತಿದ್ದರೇ ಹೊರತು ಅವನನ್ನಲ್ಲ. ಆ ಹೆಸರಿನ ಮೇಲೆ ಅವನಿಗೆ ಮನೆಯವರ ಮೇಲಿದ್ದುದಕ್ಕಿಂತ ತುಸು ಹೆಚ್ಚೇ ಮಮತೆಯಿತ್ತು. ಇವತ್ತು ಮಾತ್ರ ಹತ್ತಿ ಹತ್ತಿಯಾಗಿರಲಿಲ್ಲ. ಒಳಗೆ ಬೆಚ್ಚಗಿತ್ತು, ಒತ್ತಿದಲ್ಲೆಲ್ಲ ಏನೋ ಮಿಡಿಯುತ್ತಿತ್ತು. ಮಿಡಿಯುತ್ತಿರುವುದು ತನ್ನದೇ ಮುಂಗೈಯ ನಾಡಿ ಎಂದು ಹೊಳೆದಾಗ ಹಾವು ಮುಟ್ಟಿದವನ ಹಾಗೆ ತೋಳನ್ನು ಹೊರಗೆಳೆದುಕೊಂಡ. ಅಂಡಿಗೆಯ ಪಕ್ಕದಲ್ಲಿ ನಿಂತಿದ್ದ ಅದರ ಒಡೆಯ, ದೇವನಕೊಂಡದ ಪಕೀರಪ್ಪ, "ಯಾಕ್ರೀ ಸಾವ್ಕಾರ್ರೇ, ಮುಳ್ಳು ಗಿಳ್ಳು ಚುಚ್ಚಿತೇನು?" ಎಂದು ಕೇಳಿದ. ಸಿದ್ದಬಸಪ್ಪ ಇಲ್ಲವೆಂದು ತಲೆಯಾಡಿಸಿ ಮತ್ತೆ ಕೈ ಹಾಕಿದ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಫೋನಿನಲ್ಲಿ ಕಂಡ ಕೆಂಪು ಬಣ್ಣ ಕಣ್ಣಿನಿಂದ ಇಳಿದಿರಲಿಲ್ಲ. ಮೊನ್ನೆ ಹಳದಿ, ನಿನ್ನೆ ಕೆಂಪು, ಇವತ್ತು ಕಡುಗೆಂಪು. ಮೇಲೆ ನೂರಾ ತೊಂಬತ್ತೆರಡು, ಕೆಳಗೆ ನೂರಾ ಹತ್ತು. ಸಂಖ್ಯೆಗಳ ನೆತ್ತಿಯ ಮೇಲೆ ತೆಲುಗಿನಲ್ಲಿ ಅವನದೇ ಹೆಸರು ಬರೆದಿತ್ತು, ಸಿದ್ದಬಸಪ್ಪ, ವಯಸ್ಸು ಐವತ್ತೊಂಬತ್ತು. ಆದರೆ ಬಿ.ಪಿ. ಮಿಷನ್ನಿನ ಪಟ್ಟಿ ಸುತ್ತಿದ್ದದ್ದು ಅವನ ಹೆಂಡತಿ ಕೊಟ್ರಮ್ಮನ ಎಡದೋಳಿಗೆ. ಮಿಷನ್ನಿನ ಸೆಲ್ಲು ವೀಕಾಗಿರಬೇಕು ಎಂದುಕೊಂಡು ಹೊಸ ಸೆಲ್ಲು ಹಾಕಿ ಮತ್ತೊಮ್ಮೆ ನೋಡಿದ್ದ. ಮತ್ತೆ ಅಷ್ಟೇ ಬಂತು. ಕೊಟ್ರಮ್ಮ ಪಟ್ಟಿ ಬಿಚ್ಚಿಕೊಡುತ್ತ, "ಎಷ್ಟೈತ್ರಿ?" ಎಂದು ದಿನದಂತೆ ಕೇಳಿದ್ದಳು. "ಛಲೋ ಐತಿ" ಎಂದು ದಿನದಂತೆ ಹೇಳಿ, ರುಮಾಲು ಹೆಗಲಿಗೆ ಹಾಕಿಕೊಂಡು ಯಾರ್ಡಿಗೆ ಬಂದುಬಿಟ್ಟಿದ್ದ. ದಾರಿಯುದ್ದಕ್ಕೂ, ಸೆಲ್ಲು ಹೊಸದಾದರೂ ಮಿಷನ್ನು ಹಳೆಯದಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಮಿಷನ್ನು ಬಂದು ಮೂರು ತಿಂಗಳ ಮೇಲೆ ವಾರವಾಗಿತ್ತು, ಅಷ್ಟೇ.

ಅದನ್ನು ತಂದು ಕೊಟ್ಟವಳು ವಾರ್ಡಿನ ಆರೋಗ್ಯ ಕೇಂದ್ರದ ನರ್ಸು ನಾಗಜ್ಯೋತಿ. ಐವತ್ತು ದಾಟಿ ಬಿ.ಪಿ. ಇದ್ದವರಿಗೆಲ್ಲ ಕೈಗೊಂದು ಪುಟ್ಟ ಮಿಷನ್ನು, ಫೋನಿಗೊಂದು ಆ್ಯಪು. ಮನೆಯಲ್ಲೇ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅಂಕಿ ತಾನಾಗಿ ಫೋನಿಗೆ ಹಾರಿ, ಫೋನಿನಿಂದ ಡಾಕ್ಟರರ ಬಳಿಗೆ ಹೋಗುತ್ತದೆ ಎಂದು ಅವಳು ವಿವರಿಸಿದಾಗ ಸಿದ್ದಬಸಪ್ಪ ನಕ್ಕಿದ್ದ. ನಕ್ಕರೂ ಒಳಗೊಳಗೆ ಬೆರಗಾಗಿತ್ತು. ಹಗ್ಗವಿಲ್ಲ, ವೈರಿಲ್ಲ, ತೋಳಿನೊಳಗಿನ ರಕ್ತದ ಸುದ್ದಿ ಗಾಳಿಯಲ್ಲಿ ಊರಾಚೆಗೆ ಹೋಗುತ್ತದೆಯಂತೆ. ಯಾರ್ಡಿನವರಿಗೆ ತೋರಿಸೋಣವೆಂದು ಮೂರನೆಯ ದಿನ ಅದನ್ನು ಇಲ್ಲಿಗೇ ತಂದ. ಅಂಗಡಿಯ ಕಟ್ಟೆಯ ಮೇಲೆ ಕೂತು, ಅಂಗಿ ತೋಳು ಮಡಚಿ, ಸುತ್ತ ಹತ್ತು ಜನ ನೋಡುತ್ತಿರುವಾಗ ಗುಂಡಿ ಒತ್ತಿದ. ಪಟ್ಟಿ ಉಬ್ಬಿತು, ಇಳಿಯಿತು. ಆಮೇಲೆ ಫೋನಿನೊಳಗಿನ ಹೆಣ್ಣುದನಿ ಇಡೀ ಯಾರ್ಡಿಗೆ ಕೇಳುವಂತೆ ತೆಲುಗಿನಲ್ಲಿ ಕೂಗಿತು: "ಸಿದ್ದಬಸಪ್ಪ ಗಾರು, ಮೀ ಬೀಪೀ ಚಾಲಾ ಎಕ್ಕುವಗಾ ಉಂದಿ!" ಬಹಳ ಹೆಚ್ಚಿದೆಯೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನಿಂದ ಒಬ್ಬ, "ಸಾವ್ಕಾರಂದು ಸೆಕೆಂಡ್ ಗ್ರೇಡ್ ಮಾಲು ಬಿಡ್ರೋ" ಎಂದ. ಎಲ್ಲರೂ ನಕ್ಕರು. ಸಿದ್ದಬಸಪ್ಪನೂ ನಕ್ಕ. ಮೂವತ್ತೆಂಟು ವರ್ಷ ಊರವರ ಮಾಲಿಗೆ ಗ್ರೇಡು ಕೂಗಿದ ಬಾಯಿ ಅವತ್ತು ರಾತ್ರಿ ಊಟದ ಮುಂದೆ ತೆರೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅವನು ಮಾಡಿದ್ದನ್ನು ಯೋಚಿಸಿ ಮಾಡಿದ ಎನ್ನುವಂತಿರಲಿಲ್ಲ. ಇಬ್ಬರದೂ ಲಿಂಗಪೂಜೆ ಮುಗಿದಿತ್ತು. ಕೊಟ್ರಮ್ಮ ಹಣೆಯ ವಿಭೂತಿ ಒಣಗುವ ಮುಂಚೆ ಒಲೆಯ ಕಡೆಗೆ ಹೊರಟಿದ್ದಳು. "ಬಾ ಇಲ್ಲಿ, ಕೈ ಕೊಡು" ಎಂದ. ಏನು ಏಕೆ ಎಂದು ಕೇಳದೆ ಕೂತು ಎಡಗೈ ಚಾಚಿದಳು. ನೂರಾ ಹದಿನೆಂಟು, ಎಪ್ಪತ್ತಾರು. ಹಸಿರು. "ಚಾಲಾ ಬಾಗುಂದಿ ಸಿದ್ದಬಸಪ್ಪ ಗಾರು!" ಎಂದು ಅದೇ ಹೆಣ್ಣುದನಿ ಹಿಗ್ಗಿ ಹೇಳಿತು. ಅಂದು ಅವನಿಗಾದ ಸಮಾಧಾನ ಇಂಥದ್ದೆಂದು ಹೇಳುವುದು ಕಷ್ಟ. ಹಸಿರು ಬಂದ ಫೋನನ್ನು ಯಾರ್ಡಿನಲ್ಲಿ ನಾಲ್ಕು ಜನರ ಮುಂದೆ ಹಿಡಿದ. ಹದಿನೈದು ದಿನಕ್ಕೆ ಡಾಕ್ಟರರಿಂದ ಶಭಾಷ್‌ಗಿರಿ ಬಂತು, ತಿಂಗಳಿಗೆ ಅವನ ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದರು. ಉಳಿದ ಒಂದನ್ನು ಅವನೇ ಆಗೀಗ ಮರೆತ. ರೈತರು ಅಂಡಿಗೆಯ ಮೇಲ್ಗಡೆ ಒಳ್ಳೆಯ ಹತ್ತಿ ಹಾಸಿ ಕೆಳಗೆ ಕರಿಮಚ್ಚೆಯದ್ದನ್ನು ತುಂಬಿ ತರುವುದುಂಟು. ಅದನ್ನು ಹಿಡಿಯುವುದರಲ್ಲೇ ಅವನ ಹೆಸರು. ಈ ಪಕೀರಪ್ಪನದ್ದನ್ನೂ ಹತ್ತು ವರ್ಷದ ಕೆಳಗೆ ಒಮ್ಮೆ ಹಿಡಿದು, "ಮ್ಯಾಲಿಂದ ಬ್ಯಾರೆ, ಕೆಳಗಿಂದ ಬ್ಯಾರೆ! ಯಾರಿಗೆ ಟೋಪಿ ಹಾಕಾಕ ಬಂದೀಯೋ?" ಎಂದು ನೂರು ಜನರೆದುರು ಕೂಗಿದ್ದ. ಪಕೀರಪ್ಪ ತಲೆ ತಗ್ಗಿಸಿ ನಿಂತಿದ್ದ. ಅಂದು ತಳದ ಹತ್ತಿ ನೆನೆದದ್ದು ಯಾರ್ಡಿನ ನೆಲದ ಇಬ್ಬನಿಯಿಂದ ಎಂದು ಸಂಜೆಗೆ ಗೊತ್ತಾಗಿತ್ತು. ಕೂಗಿದ್ದನ್ನು ಮಾತ್ರ ಸಿದ್ದಬಸಪ್ಪ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅದು ಅವನ ಪದ್ಧತಿಯಲ್ಲ.

ಫೋನು ಬಡಿದುಕೊಂಡಾಗ ಅವನ ಕೈ ಇನ್ನೂ ಪಕೀರಪ್ಪನ ಹತ್ತಿಯೊಳಗೇ ಇತ್ತು.

"ಸಾವ್ಕಾರ್ರೇ, ನಾನು ನಾಗಜ್ಯೋತಿ. ಎಲ್ಲಿದೀರಿ?"

"ಯಾರ್ಡಿನಾಗ ಅದೀನಿ."

"ಯಾರ್ಡಿಗೆ ಹೋಗೀರಾ! ಅಯ್ಯೋ ದೇವರೇ. ಮೊದಲು ಕುಂದರ್ರಿ. ನಿಮ್ಮ ಬಿ.ಪಿ. ನೂರಾ ತೊಂಬತ್ತೆರಡು ಬಂದೈತಿ. ಬರೇ ಅದಲ್ಲ, ಎದಿ ಬಡಿತ ಸೈತ ತಾಳ ತಪ್ಪಿ ಹೊಡ್ಯಾಕತ್ತೈತಿ ಅಂತ ಮಿಷನ್ ತೋರಸ್ತೈತಿ. ಡಾಕ್ಟರ್ ಗಾರು ನೋಡಿ ವೆಂಟನೇ, ಈಗಿಂದೀಗ್ಲೇ ಫೋನ್ ಮಾಡು ಅಂದ್ರು. ಹಿಂಗ ಬಿಟ್ರ ಗುಂಡಿಗಿಯೊಳಗ ರಕ್ತ ಹೆಪ್ಪುಗಟ್ಟಿ ತಲಿಗೆ ಏರ್ತೈತಿ, ಲಕ್ವ ಹೊಡೀತೈತಿ. ಉಸಿರು ಕಟ್ತೈತೇನು? ತಲಿ ತಿರಗ್ತೈತೇನು?"

"ನನಗೇನೂ ಆಗಿಲ್ಲವಾ."

"ಎಲ್ಲಾರೂ ಹಂಗ ಅಂತಾರ. ಮನಿಗೆ ಹೋಗ್ರಿ, ನಾನು ಇಸಿಜಿ ಮಿಷನ್ ತಗೊಂಡು ಅಲ್ಲಿಗೇ ಬರ್ತೀನಿ. ಒಬ್ರ ಕುಂದರಬ್ಯಾಡ್ರಿ, ಅಮ್ಮನ್ನ ಬಾಜೂಕ ಕುಂದರಿಸ್ಕೋರಿ."

ಆ ಕ್ಷಣಕ್ಕೆ ಒಂದು ಮಾತು ಸಾಕಿತ್ತು. ಅದು ನನ್ನದಲ್ಲ, ಅವಳದು, ಎಂದರೆ ಮುಗಿಯುತ್ತಿತ್ತು. ನಾಗಜ್ಯೋತಿ ನೇರವಾಗಿ ಕೊಟ್ರಮ್ಮನ ಬಳಿಗೆ ಓಡುತ್ತಿದ್ದಳು. ಆದರೆ ಎರಡು ಮಾರು ದೂರದಲ್ಲಿ ಪಕೀರಪ್ಪ ನಿಂತಿದ್ದ, ಕಿವಿ ಇತ್ತಲೇ ಇತ್ತು. ಅವನ ಹಿಂದೆ ಇನ್ನೂ ನಾಲ್ಕು ಜನ ತಮ್ಮ ಅಂಡಿಗೆಗಳ ಸರದಿಗಾಗಿ ಕಾದಿದ್ದರು. ಸಿದ್ದಬಸಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಆತು, ಬರ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟ. ಇಟ್ಟ ಮೇಲೆ ತಾನೆಂಥ ಮನುಷ್ಯನೆಂದು ಅವನಿಗೇ ಹೇಸಿಗೆಯಾಯಿತು. ಕೊಟ್ರಮ್ಮನಿಗೆ ಫೋನು ಹಚ್ಚಿದ. ಅತ್ತ ಗಂಟೆ ಬಡಿಯುತ್ತಲೇ ಇತ್ತು, ಅವಳು ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದ. ಆಗಲೂ ಎತ್ತಲಿಲ್ಲ.

ಆಮೇಲೆ ಆದದ್ದನ್ನು ಅವನು ಯಾರಿಗೂ ಹೇಳಿದವನಲ್ಲ, ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ನಿಂತಲ್ಲೇ ನಿಂತು ಯಾರ್ಡನ್ನು ನೋಡಿದ. ದಿನವೂ ನೋಡುವ ಯಾರ್ಡೇ. ಅಂಡಿಗೆ ಹೊತ್ತು ಓಡುವ ಹಮಾಲರು, ನೆಲಕ್ಕೆ ಚೆಲ್ಲಿದ ಹತ್ತಿಯನ್ನು ಕಸಬರಿಗೆಯಿಂದ ಗುಡಿಸಿ ಚೀಲಕ್ಕೆ ತುಂಬುವ ಹೆಂಗಸರು, ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತು ಮಂಡಕ್ಕಿ ಒಗ್ಗರಣಿ ತಿನ್ನುವ ರೈತರು. ಅಷ್ಟೂ ಜನರ ಅಂಗಿ, ಸೀರೆ, ಚರ್ಮ, ಎಲುಬುಗಳ ಹಿಂದೆ ಒಂದೊಂದು ಗುಂಡಿಗೆ ಹೊಡೆದುಕೊಳ್ಳುತ್ತಿರುವುದು ಅವನಿಗೆ ಒಮ್ಮೆಲೇ ಕಂಡಿತು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೂಲಿ ಕೊಟ್ಟದ್ದಲ್ಲ. ನಿದ್ದೆಯಲ್ಲೂ, ಜಗಳದಲ್ಲೂ, ಸುಳ್ಳು ಹೇಳುವಾಗಲೂ ಅದು ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಇಷ್ಟು ವರ್ಷ ಈ ಜನರ ಮಾಲಿನ ತಳದವರೆಗೆ ಕೈ ಹಾಕಿ ನೋಡಿದವನಿಗೆ ಜನರೊಳಗೆ ಇಂಥದ್ದೊಂದು ಇದೆಯೆಂಬುದು ತಲೆಗೆ ಹೊಕ್ಕಿರಲೇ ಇಲ್ಲ. ಮೈಯೆಲ್ಲ ಜುಮ್ಮೆಂದಿತು. ಎಲ್ಲೋ ಆಸ್ಪತ್ರೆಯ ಕೋಣೆಯಲ್ಲಿ ಕೂತ ಡಾಕ್ಟರೊಬ್ಬರು, ಮುಖ ನೋಡದ, ಹೆಸರು ಕೂಡ ತಪ್ಪು ಗೊತ್ತಿರುವ ಒಬ್ಬ ಹೆಂಗಸಿನ ಎದೆ ತಾಳ ತಪ್ಪಿದ್ದನ್ನು ಕೇಳಿಸಿಕೊಂಡಿದ್ದರು. ಅವಳ ಜೊತೆ ಮೂವತ್ತಮೂರು ವರ್ಷ ಒಂದೇ ಸೂರಿನಡಿ ಬಾಳಿದವನಿಗೆ ಕೇಳಿಸಿರಲಿಲ್ಲ.

"ಸಾವ್ಕಾರ್ರೇ, ಮುಖ ಯಾಕ ಹಂಗ ಬಿಳಚೈತಿ? ನೀರು ಕುಡೀರಿ" ಎಂದು ಪಕೀರಪ್ಪ ತನ್ನ ಬಾಟಲಿಯನ್ನೇ ಮುಂದೆ ಚಾಚಿದ. "ಹತ್ತಿ ಎಲ್ಲಿಗೂ ಓಡಿ ಹೋಗಂಗಿಲ್ಲ. ನಿಮ್ಮ ಜೀವ ದೊಡ್ಡದೋ ನಮ್ಮ ಅಂಡಿಗಿ ದೊಡ್ಡದೋ?" ಆ ಮರ್ಯಾದೆ ಸಿದ್ದಬಸಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಎರಡು ಗುಟುಕು ಕುಡಿದ. "ನಿಂದು ಮೊದಲನೇ ಗ್ರೇಡು ಐತೋ ಪಕೀರಪ್ಪ" ಎಂದ. ನಿಜವಾಗಿ ಅವನಿಗೆ ಗೊತ್ತಿರಲಿಲ್ಲ.

ಆಟೋ ಸ್ಟೇಷನ್ನಿನ ಹತ್ತಿರ ಸಿಕ್ಕಿಕೊಂಡಿತು. ಆಗತಾನೇ ರೈಲಿನಿಂದಿಳಿದವರು, ಮಂತ್ರಾಲಯಕ್ಕೆ ಹೋಗುವ ಬಸ್ಸು ಕೇಳುವವರು, ಟ್ರಂಕು ಹೊತ್ತವರು ರಸ್ತೆಯ ತುಂಬ ಹರಡಿಕೊಂಡಿದ್ದರು. ಇಂಥದೇ ಗದ್ದಲದಲ್ಲಿ ಎರಡು ತಿಂಗಳ ಕೆಳಗೆ ಅವರಿಬ್ಬರೂ ಮಂತ್ರಾಲಯದಿಂದ ಮರಳಿದ್ದರು. ಹೊಳೆಯ ಮೆಟ್ಟಿಲು ಹತ್ತುವಾಗ ಕೊಟ್ರಮ್ಮ ಮೂರು ಕಡೆ ಕೂತಿದ್ದಳು. "ಸುಸ್ತಾತ್ರೀ" ಎಂದಳು. "ವಯಸ್ಸಾತು, ಇನ್ನೇನು ಹುಡುಗೀನಾ ನೀನು" ಎಂದು ಇವನು ತಮಾಷೆ ಮಾಡಿದ್ದ. ಎದೆಯಲ್ಲಿ ಏನೋ ಹಕ್ಕಿ ಪಟಪಟ ಅಂದಂಗಾಗುತ್ತದೆ ಎಂದು ಅವಳು ಹೇಳಿದ ದಿನ ಗ್ಯಾಸು ಎಂದು ತೀರ್ಮಾನಿಸಿ ಅಜವಾನ ನುಂಗಿಸಿದ್ದ. ರೊಟ್ಟಿ ಬಡಿಯುವ ಸದ್ದು ನೆನಪಾದದ್ದು ಆಗ. ಮದುವೆಯಾದಂದಿನಿಂದ ಅವನು ಬೆಳಿಗ್ಗೆ ಏಳುತ್ತಿದ್ದದ್ದೇ ಆ ಸದ್ದಿಗೆ, ಪಟಪಟ ಪಟಪಟ, ಒಂದು ರೊಟ್ಟಿಗೆ ಒಂದೇ ಉಸಿರು. ಈಚೆಗೆ ಒಂದು ರೊಟ್ಟಿಯ ನಡುವೆ ಸದ್ದು ನಿಲ್ಲುತ್ತಿತ್ತು. ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಗುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಆ ನಿಲುಗಡೆಯನ್ನು ಅವನು ಕೇಳಿದ್ದ. ಕೇಳಿ, ನಾಗಜ್ಯೋತಿಯ ಮಿಷನ್ನು ಇವತ್ತು ಹಸಿರು ಕೊಡುತ್ತದೋ ಇಲ್ಲವೋ ಎಂದು ಯೋಚಿಸುತ್ತ ಮಗ್ಗಲು ಬದಲಿಸಿದ್ದ. ಆಟೋದವನ ಹೆಗಲು ತಟ್ಟಿ, "ಸಂದಿನಾಗ ಹೊಡಿಯೋ, ಲಗೂ" ಎಂದ. ಮತ್ತೆ ಫೋನು ಹಚ್ಚಿದ. ಎತ್ತಲಿಲ್ಲ. ಈ ಹೊತ್ತಿಗೆ ಅವಳು ನೆಲದ ಮೇಲೆ ಬಿದ್ದಿದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಕೂಗಲು ಸ್ವರವೇ ಹೊರಡದೆ ಇದ್ದರೆ. ಮುಂದಕ್ಕೆ ಯೋಚಿಸುವ ಧೈರ್ಯವಾಗಲಿಲ್ಲ.

ಕೊಟ್ರಮ್ಮ ಬಿದ್ದಿರಲಿಲ್ಲ. ಪಡಸಾಲೆಯ ಬಾಗಿಲಲ್ಲೇ ನಿಂತಿದ್ದಳು, ಕೈಯೆಲ್ಲ ಹಿಟ್ಟು. ಫೋನು ಒಳಗೆ ಚಾರ್ಜಿಗೆ ಹಾಕಿತ್ತಂತೆ. ನಾಗಜ್ಯೋತಿ ಇವನಿಗಿಂತ ಮುಂಚೆಯೇ ಸ್ಕೂಟಿಯಲ್ಲಿ ಬಂದು ಮುಟ್ಟಿ, ಸುದ್ದಿ ಹೇಳಿಬಿಟ್ಟಿದ್ದಳು. ಗಂಡನನ್ನು ನೋಡಿದ್ದೇ ಕೊಟ್ರಮ್ಮನ ಕಣ್ಣು ತುಂಬಿ ಬಂತು. "ಬರ್ರಿ, ಸಾವಕಾಶ ಬರ್ರಿ. ನಾ ಬೆಳಿಗ್ಗೇನ ನೋಡಿದೆ, ಮುಖ ಬಾಡಿತ್ತು ನಿಮ್ಮದು" ಎಂದು ಹಿಟ್ಟಿನ ಕೈಯಿಂದಲೇ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾಲ್ಕು ಹೆಜ್ಜೆಗೇ ಅವಳಿಗೆ ಏದುಸಿರು ಬರುತ್ತಿತ್ತು, ತುಟಿ ತುಸು ನೀಲಿಯಾಗಿತ್ತು. ಇವನ್ನೆಲ್ಲ ಅವನು ಈಗ ಕಾಣುತ್ತಿದ್ದ. "ಇವರು ದಿನಾ ನನಗ ಬಿ.ಪಿ. ನೋಡ್ತಾರವಾ" ಎಂದು ಕೊಟ್ರಮ್ಮ ನಾಗಜ್ಯೋತಿಗೆ ಹೇಳುತ್ತಿದ್ದಳು. "ಪೂಜಿ ಆದಕೂಡ್ಲೇ ಐದು ನಿಮಿಷ ಬಾಜೂಕ ಕುಂದರಿಸ್ಕೊಂಡು, ಮಾತಾಡಬ್ಯಾಡ ಅಂತ ಹೇಳಿ, ಕೈ ಹಿಡಿದು ನೋಡ್ತಾರ. ಓಣ್ಯಾಗೆಲ್ಲಾ ಹೇಳೀನಿ. ನನ್ನ ನೋಡಿದವರು ತಮ್ಮನ್ನ ನೋಡ್ಕೊಂಡಿಲ್ಲ ನೋಡು."

ನಾಗಜ್ಯೋತಿಗೆ ಅದರ ಕಡೆ ಗಮನವಿರಲಿಲ್ಲ. ಚೀಲದಿಂದ ಬೆರಳುದ್ದದ ಒಂದು ಪಟ್ಟಿ ತೆಗೆದಳು, ಅದರ ಮೇಲೆ ಎರಡು ಲೋಹದ ಬಿಲ್ಲೆ. "ಎರಡೂ ಕೈದು ಬೆರಳು ಇದರ ಮ್ಯಾಲ ಇಡ್ರಿ ಸಾವ್ಕಾರ್ರೇ. ಅರ್ಧ ನಿಮಿಷ ಅಲುಗಾಡಬ್ಯಾಡ್ರಿ." ಅವನು ಇಟ್ಟ. ಇಬ್ಬರು ಹೆಂಗಸರು ತನ್ನ ಜೀವಕ್ಕಾಗಿ ಉಸಿರು ಬಿಗಿಹಿಡಿದು ಕೂತಿದ್ದರು, ಆ ಕಾಳಜಿಯ ಮುಂದೆ ಬಾಯಿಬಿಡುವುದು ಯಾರ್ಡಿನ ಜನರೆದುರು ಬಾಯಿಬಿಡುವುದಕ್ಕಿಂತ ಕಷ್ಟವಾಗಿತ್ತು. ಫೋನಿನ ಪರದೆಯ ಮೇಲೆ ಗೆರೆಯೇನೂ ಮೂಡಲಿಲ್ಲ. ನಾಗಜ್ಯೋತಿ ಅವನ ಬೆರಳನ್ನು ತಿರುಗಿಸಿ ನೋಡಿದಳು. "ಹತ್ತಿ ಹಿಂಜಿ ಹಿಂಜಿ ಬೆರಳು ಕಟ್ಟಿಗಿ ಆಗ್ಯಾವು. ಒಣ ಇದ್ರ ಮಿಷನ್ ಹಿಡಿಯಂಗಿಲ್ಲ. ಅಮ್ಮಾ, ಸ್ವಲ್ಪ ನೀರು ತರ್ರಿ." ಕೊಟ್ರಮ್ಮ ಎದ್ದಳು. ಏಳುವಾಗ ಗೋಡೆ ಹಿಡಿದುಕೊಂಡಳು, ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು, ಆಮೇಲೆ ಹೆಜ್ಜೆಯಿಟ್ಟಳು. ನಾಗಜ್ಯೋತಿ ಬೆನ್ನು ಮಾಡಿ ಕೂತಿದ್ದರಿಂದ ಅದನ್ನು ನೋಡಿದವನು ಅವನೊಬ್ಬನೇ.

"ನಿಂದರು" ಎಂದ. ದನಿ ಯಾರ್ಡಿನಲ್ಲಿ ಕೂಗುವಷ್ಟೇ ಜೋರಾಗಿ ಬಂತು. "ನಂದಲ್ಲ ಅದು. ಅಂಕಿ ನಂದಲ್ಲ. ಆಕಿದು. ದಿನಾ ಆಕಿ ಕೈಗೆ ಕಟ್ಟಿ ನನ್ನ ಹೆಸರಿನ ಮ್ಯಾಲ ಕಳಿಸೀನಿ. ಆಕೀನ ನೋಡವಾ, ಲಗೂ ನೋಡು."

ನಾಗಜ್ಯೋತಿ ನಗಬಹುದು, ಬೈಯಬಹುದು ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ. "ಎಷ್ಟು ದಿನ?" ಎಂದಷ್ಟೇ ಕೇಳಿದಳು.

"ಮೊದಲ ಮೂರು ದಿನ ಬಿಟ್ಟು, ಎಲ್ಲಾ."

ಅವಳಾಗಲೇ ಎದ್ದು ಕೊಟ್ರಮ್ಮನನ್ನು ಕುರ್ಚಿಯ ಮೇಲೆ ಕೂರಿಸುತ್ತಿದ್ದಳು. ಕೊಟ್ರಮ್ಮ ಕೂತಳು. ಅವಳಿಗೆ ತನ್ನ ಎದೆಯ ಸುದ್ದಿ ಇನ್ನೂ ಮುಟ್ಟಿದಂತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ; ಬಹಳ ದಿನದಿಂದ ಹಾಡುತ್ತ ಬಂದ ಪದದ ಅರ್ಥ ಬೇರೆಯೇ ಇದೆಯೆಂದು ಯಾರೋ ಹೇಳಿದರೆ ನೋಡುವ ಹಾಗೆ.

"ಹಂಗಾರ ನನ್ನನ್ನ ನೋಡಿದ್ದಲ್ಲೇನ್ರೀ ಅದು?" ಎಂದಳು.

ಕೈ ಕೊಡು ಎಂದು ದಿನವೂ ಕೇಳಿದವನು ತಾನು, ಕೈ ಕೊಟ್ಟವನೂ ತಾನೇ ಎಂದು ಅವನ ಮನಸ್ಸಿಗೆ ಬಂದು, ಮಾತಿನ ಈ ಚೆಲ್ಲಾಟಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಹಿಟ್ಟು ಒರೆಸಿದ ಅವಳ ಬೆರಳುಗಳನ್ನು ನಾಗಜ್ಯೋತಿ ಬಿಲ್ಲೆಗಳ ಮೇಲಿಟ್ಟಳು. ಕೊಟ್ರಮ್ಮ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು, ಪೂಜೆಯಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಅಲುಗುವ ಹಾಗೆ. ಪರದೆಯ ಎಡಗಡೆಯಿಂದ ಒಂದು ಹಸಿರು ಗೆರೆ ಹೊರಟಿತು. ಮೇಲೆ ಜಿಗಿಯಿತು, ಇಳಿಯಿತು, ಮತ್ತೆ ಬೇಗನೆ ಜಿಗಿಯಿತು, ಆಮೇಲೆ ಸಪಾಟಾಗಿ ಸ್ವಲ್ಪ ದೂರ ಹೋಯಿತು. ಗೆರೆ ಮತ್ತೆ ಜಿಗಿಯಿತು, ಎರಡು ಸಲ ಒಟ್ಟೊಟ್ಟಿಗೆ, ಆಮೇಲೆ ಮತ್ತೆ ಸಪಾಟು. ಇದು ಇವಳು. ಮೂರು ಹೆತ್ತದ್ದು, ಎರಡನ್ನು ಮಣ್ಣು ಮಾಡಿ ಬಂದದ್ದು, ಜಾತ್ರೆಯಂಥ ಮದುವೆ ಮನೆಯಲ್ಲಿ ನೂರು ಜನರಿಗೆ ಬಡಿಸಿ ಕಡೆಗೆ ತಳದ ಅನ್ನ ತಿಂದದ್ದು, ಅವನು ಮಾತು ಬಿಟ್ಟ ದಿನಗಳಲ್ಲಿ ತಾನೇ ಮಾತಾಡಿಸಿದ್ದು, ಇಷ್ಟನ್ನೂ ಈ ಎಡವುವ ಗೆರೆ ಹೊತ್ತುಕೊಂಡು ಬಂದಿತ್ತು, ಎಡವುತ್ತಿದ್ದರೂ ನಿಂತಿರಲಿಲ್ಲ. ದೊಡ್ಡದೊಂದರ ಎದುರು ನಿಂತಾಗ ತಾನಾಗಿ ತಲೆ ಬಾಗುತ್ತದಲ್ಲ, ಹಾಗೆ ಅವನ ತಲೆ ಬಾಗಿತು. ಗುಡಿಯಲ್ಲಾಗಲಿ ಮಠದಲ್ಲಾಗಲಿ ಅವನಿಗೆ ಇಂಥ ಭಯಭಕ್ತಿ ಎಂದೂ ಹುಟ್ಟಿರಲಿಲ್ಲ. ಅರ್ಧ ನಿಮಿಷ ಎಷ್ಟು ದೀರ್ಘವೆಂದು ಅವನಿಗೆ ಅಂದು ಗೊತ್ತಾಯಿತು.

ಗೆರೆ ಡಾಕ್ಟರರಿಗೆ ಹೋಯಿತು. ನಾಗಜ್ಯೋತಿ ಫೋನಿನಲ್ಲಿ ಆದದ್ದನ್ನೆಲ್ಲ ತೆಲುಗಿನಲ್ಲಿ ಗಡಗಡ ಒಪ್ಪಿಸಿದಳು. ಸಿದ್ದಬಸಪ್ಪನ ಹೆಸರು ನಾಲ್ಕು ಸಲ ಬಂತು, ನಾಲ್ಕು ಸಲವೂ ಅವನು ನೆಲ ನೋಡಿದ. ಆಮೇಲೆ ಡಾಕ್ಟರರ ದನಿ, ಯಾವಾಗಿನಿಂದ ಹೀಗಾಗಿದೆ, ತಿಳಿಯುವ ದಾರಿ ಇದೆಯೇ ಎಂದು ಕೇಳಿತು. ನಾಗಜ್ಯೋತಿ ಆ್ಯಪು ತೆರೆದು ಹಿಂದಕ್ಕೆ ಸರಿಸುತ್ತ ಹೋದಳು. ತೊಂಬತ್ತನಾಲ್ಕು ಬೆಳಿಗ್ಗೆಗಳು. ಹಸಿರು, ಹಸಿರು, ಹಸಿರು. ಹಸಿರಿನ ಪಕ್ಕದಲ್ಲಿ ಅಲ್ಲಲ್ಲಿ ಸೊಟ್ಟಗೆರೆಯ ಪುಟ್ಟ ಹೃದಯದ ಚಿತ್ರವಿತ್ತು. ಅದನ್ನು ಅವನೂ ಎಷ್ಟೋ ಸಲ ನೋಡಿದ್ದ, ಮೆಚ್ಚಿ ಹಾಕಿದ ಅಲಂಕಾರ ಎಂದುಕೊಂಡಿದ್ದ.

"ತಾಳ ತಪ್ಪಿದ ಗುರುತು ಇಪ್ಪತ್ತಮೂರು ದಿನದ ಕೆಳಗ ಮೊದಲ ಸಲ ಬಂದೈತಿ ಸಾರ್" ಎಂದು ಹೇಳಿ ನಾಗಜ್ಯೋತಿ ತುಟಿ ಕಚ್ಚಿಕೊಂಡಳು. "ಬಣ್ಣ ಹಸಿರೈತಿ ಅಂತ ನಾನೂ ನೋಡದ ಬಿಟ್ಟೆ."

ಡಾಕ್ಟರರು ಹೇಳಿದ್ದು ಇಷ್ಟು. ಈಗಲೇ ಆಸ್ಪತ್ರೆಗೆ ಕರೆತನ್ನಿ, ರಕ್ತ ತೆಳುವಾಗುವ ಔಷಧಿ ಇವತ್ತೇ ಶುರುಮಾಡೋಣ. ಲಕ್ವ ಇನ್ನೂ ಹೊಡೆದಿಲ್ಲ, ಹೊಡೆಯುವ ಮುಂಚೆ ಸಿಕ್ಕಿದ್ದಾರೆ. ಇಂಥ ಹೆಂ‌ಗಸರು ಸಾಮಾನ್ಯವಾಗಿ ನಮಗೆ ಸಿಗುವುದು ಬಿದ್ದ ಮೇಲೆಯೇ. ತೊಂಬತ್ತನಾಲ್ಕು ದಿನದ ಲೆಕ್ಕ ಯಾರ ಬಳಿಯೂ ಇರುವುದಿಲ್ಲ, ಇದನ್ನು ಅವರ ಹೆಸರಿಗೆ ಬದಲಾಯಿಸಿ ಕಳಿಸಿ.

ಬದಲಾಯಿಸುವುದು ಅರೆಗಳಿಗೆಯ ಕೆಲಸವಾಗಿತ್ತು. ನಾಗಜ್ಯೋತಿ ಏನೇನೋ ಒತ್ತಿದಳು. ಸಿದ್ದಬಸಪ್ಪ ಎಂದು ಬರೆದಿದ್ದಲ್ಲಿ ಕೊಟ್ರಮ್ಮ ಎಂದು ಬಂತು. ಮನೆಯ ಪತ್ರ ಅವನ ಹೆಸರಲ್ಲಿತ್ತು, ಕರೆಂಟು ಬಿಲ್ಲು ಅವನ ಹೆಸರಲ್ಲಿತ್ತು, ಮಗಳ ಮದುವೆಯ ಕಾಗದದಲ್ಲಿ ಕೂಡ ಅವಳು ಶ್ರೀಮತಿ ಮತ್ತು ಶ್ರೀ ಸಿದ್ದಬಸಪ್ಪ ಆಗಿದ್ದಳು. ಈಗ ತೊಂಬತ್ತನಾಲ್ಕು ಬೆಳಿಗ್ಗೆಗಳು ಒಟ್ಟಿಗೆ ಎದ್ದು ಅವಳ ಹೆಸರಿನ ಕೆಳಗೆ ಹೋಗಿ ಕೂತವು. ಅವನ ಹೆಸರಿನ ಪುಟದಲ್ಲಿ ಮೂರು ಉಳಿದವು, ಮೂರೂ ಕೆಂಪು. "ನಿಮ್ಮದು ಆಮ್ಯಾಲ ನೋಡ್ತೀನಿ ಸಾವ್ಕಾರ್ರೇ, ಬಿಡಂಗಿಲ್ಲ" ಎಂದು ಹೇಳಿ ನಾಗಜ್ಯೋತಿ ಆಟೋ ತರಲು ಹೊರಗೆ ಓಡಿದಳು.

ಆಟೋದಲ್ಲಿ ಕೊಟ್ರಮ್ಮ ಹೊರಗಡೆಗೆ ಮುಖ ಮಾಡಿ ಕೂತಳು, ಇಬ್ಬರ ನಡುವೆ ಬಟ್ಟೆಯ ಚೀಲ ಇಟ್ಟಳು. ನಾಗಜ್ಯೋತಿ ಮುಂದೆ ಸ್ಕೂಟಿಯಲ್ಲಿ ದಾರಿ ಬಿಡಿಸುತ್ತ ಹೋಗುತ್ತಿದ್ದಳು. ಸಿದ್ದಬಸಪ್ಪ ತಪ್ಪಾಯಿತು ಎನ್ನಬೇಕೆಂದು ಮೂರು ಸಲ ಬಾಯಿ ತೆರೆದ. ಆ ಮಾತು ಅವನು ಯಾರಿಗೂ ಹೇಳಿ ರೂಢಿಯಿರಲಿಲ್ಲ, ಹೇಗೆ ಶುರುವಾಗುತ್ತದೆ ಎಂಬುದೇ ತೋಚಲಿಲ್ಲ. ಕಡೆಗೆ, "ತ್ರಾಸಾಗ್ತೈತೇನ?" ಎಂದ. ಗಂಜ್ ಬಜಾರಿನ ಮೂಲೆ ದಾಟಿತು, ಬಸ್‌ಸ್ಟ್ಯಾಂಡ್ ದಾಟಿತು. ಗುಂಡಿಯೊಂದಕ್ಕೆ ಚಕ್ರ ಇಳಿದು ಇಬ್ಬರೂ ಎಗರಿ ಬಿದ್ದರು. ಆಗ ಅವಳು ಚೀಲವನ್ನು ಎತ್ತಿ ಕಾಲ ಬಳಿ ಇಟ್ಟಳು. ಮುಖವನ್ನು ಇತ್ತ ತಿರುಗಿಸದೆಯೇ ಎಡಗೈಯನ್ನು ಅವನ ತೊಡೆಯ ಮೇಲೆ, ಅಂಗೈ ಮೇಲಾಗಿ ಇಟ್ಟಳು.

"ಹಿಡೀರಿ" ಎಂದಳು. "ಇವತ್ತಾದ್ರೂ ನನಗಂತ ಹಿಡೀರಿ."

ಅವನು ಹಿಡಿದ. ಮುಂಗೈಯ ಬುಡದಲ್ಲಿ, ಬಳೆಗಳ ಕೆಳಗೆ, ಬೆರಳಿಟ್ಟ. ಮೊದಲು ಏನೂ ಸಿಗಲಿಲ್ಲ, ಆಟೋದ ನಡುಕವಷ್ಟೇ ಸಿಕ್ಕಿತು. ಬೆರಳನ್ನು ಒಂದು ಕಾಳಿನಷ್ಟು ಈಚೆ ಸರಿಸಿದ. ಸಿಕ್ಕಿತು. ಒಂದು, ಎರಡು, ಮೂರು. ಆಮೇಲೆ ಬರಲಿಲ್ಲ. ಹಾರನ್ನುಗಳು, ಆಟೋದವನ ಬೈಗುಳ, ಬಿಸಿಲು, ಊರು ಎಲ್ಲ ಆ ಖಾಲಿಯಲ್ಲಿ ನಿಂತುಬಿಟ್ಟವು. ಅವನು ಕಾದ. ಬದುಕಿನಲ್ಲಿ ಯಾವುದಕ್ಕೂ ಹೀಗೆ ಕಾದಿರಲಿಲ್ಲ. ಬೆರಳ ಕೆಳಗೆ, ತಡವಾಗಿ, ಅದು ಬಂತು.